ಆ ಗುಡ್ಡದ ಮೇಲೆ ಹೆಂಗಸರಿಲ್ಲ

ಕೊಲ್ಲಮೊಗ್ರಿನ ತವರಿಗೆ ಹೋಗಿದ್ದಾಗ ಅಣ್ಣನ ಮಗ ಶಾಲೆಯ ಪ್ರದರ್ಶನಕ್ಕೆಂದು ಮಾಡಿದ ಅಮರಸುಳ್ಯ ಬಂಡಾಯದ ಮಾದರಿಯನ್ನು ತೋರಿಸಿದ. ಮಣ್ಣಿನ ಬಾವುಟಗುಡ್ಡ, ಮೇಲೆ ಬೆರಳುದ್ದದ ರೈತರು, ಕೆಳಗೆ ಕೆಂಪಂಗಿಯ ಕುಂಪಣಿ ಸಿಪಾಯಿಗಳು. ಒಬ್ಬೊಬ್ಬರ ಮೀಸೆಗೂ ನಾಜೂಕಾಗಿ ಬಣ್ಣ ಹಚ್ಚಿದ್ದ. ಮೆಚ್ಚಿ ಬೆನ್ನು ತಟ್ಟಿದೆ.

"ಹೆಂಗಸರು ಎಲ್ಲಿ ಮಾರಾಯ?"

"ಯುದ್ಧದಲ್ಲಿ ಹೆಂಗಸರು ಯಾಕತ್ತೆ?"

ತಪ್ಪು ಅವನದಲ್ಲ, ಕಲಿಸಿದ ನಮ್ಮದು. 1834ರಲ್ಲಿ ಕೊಡಗನ್ನು ನುಂಗಿದ ಕುಂಪಣಿ, ಅಮರಸುಳ್ಯವನ್ನು ಕೆನರಾಕ್ಕೆ ಸೇರಿಸಿ, ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. 1837ರ ಬಂಡಾಯಕ್ಕೆ ಅದೂ ಒಂದು ಕಾರಣ. ಪತ್ತಾಯ ಬರಿದಾದದ್ದು ಮೊದಲು ತಿಳಿಯುವುದು ಯಾರಿಗೆ? ಅನ್ನಕ್ಕೆ ಅಕ್ಕಿ ಅಳೆಯುವ ಕೈಗಲ್ಲವೇ? ಗಂಡಸರು ಸುಳ್ಯದಿಂದ ಮಂಗಳೂರಿಗೆ ದಂಡು ಕಟ್ಟಿ ನಡೆದಾಗ ಗದ್ದೆ, ಹಟ್ಟಿ, ಮಕ್ಕಳನ್ನು ನೋಡಿಕೊಂಡವರು ಯಾರು? ಗಲ್ಲಿಗೇರಿದವರ, ಗಡೀಪಾರಾದವರ ಮನೆಗಳಲ್ಲಿ ಮರುದಿನ ಒಲೆ ಹಚ್ಚಿದವರು ಯಾರು?

ಕೆದಂಬಾಡಿ ರಾಮಯ್ಯ ಗೌಡರಿಗೆ 2022ರಲ್ಲಿ ಬಾವುಟಗುಡ್ಡದಲ್ಲಿ ಪ್ರತಿಮೆಯಾಯಿತು. ಆಗಬೇಕಾದದ್ದೇ. ಆದರೆ ಆ ಬಂಡಾಯದ ಒಬ್ಬ ಹೆಂಗಸಿನ ಹೆಸರು ಹೇಳಿ ಎಂದರೆ ಅದೇ ಮಣ್ಣಿನ ಮಗಳಾದ ನನಗೇ ಬಾಯಿ ಕಟ್ಟುತ್ತದೆ. ನಿಮಗೆ?

ಹುಡುಗನಿಗೆ ಇಷ್ಟೇ ಹೇಳಿ ಬಂದೆ: "ಗುಡ್ಡದ ಬುಡದಲ್ಲಿ ಒಂದು ಮನೆ ಮಾಡು ಮಗಾ, ಅದರೊಳಗೊಂದು ಒಲೆ. ಯುದ್ಧ ಅಲ್ಲಿಯೂ ನಡೆದಿತ್ತು."