ನೂರ ಎಂಬತ್ತು ದಿನ ಏನು ಉಣ್ಣೋದು?



ಡಿಗ್ರಿ ಮುಗಿಸಿ, ಟ್ರಂಕು ಹೊತ್ತು ಹಾಸ್ಟೆಲ್ಲಿನ ಗೇಟು ದಾಟಿ ಬಂದವನನ್ನು ಊರು ಕೇಳುವ ಮೊದಲ ಮಾತು: 'ಮುಂದೇನಪ್ಪ?' ಎರಡನೇ ಮಾತು: 'ಯುವನಿಧಿ ದುಡ್ಡು ಬಂತಾ?' ಬಂತಾ ಅಂತ ಕೇಳೋದು ಸುಲಭ. ಅದು ಯಾರಿಗೆ ಬರುತ್ತೆ, ಎಷ್ಟು ಬರುತ್ತೆ, ಯಾರಿಗೆ ಬರೋದಿಲ್ಲ ಅನ್ನೋದನ್ನು ನಾವು ಓದಿಕೊಂಡಿರಬೇಕು. ಓದಿಕೊಳ್ಳದಿದ್ದರೆ ನಮ್ಮ ಅರ್ಜಿಯನ್ನು ಇನ್ಯಾರೋ ತುಂಬುತ್ತಾರೆ, ತಪ್ಪಾದರೆ ಅನುಭವಿಸೋರು ನಾವು.

ಮೊದಲು ಲೆಕ್ಕ. ಕರ್ನಾಟಕ ಸರ್ಕಾರ ಯುವನಿಧಿಯ ನೋಂದಣಿ ತೆರೆದದ್ದು 2023ರ ಡಿಸೆಂಬರ್ 26ರಂದು. ಶಿವಮೊಗ್ಗದಲ್ಲಿ ಯೋಜನೆಗೆ ಚಾಲನೆ ಕೊಟ್ಟದ್ದು 2024ರ ಜನವರಿ 12ರಂದು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ನಡುವೆ ಕೆಲಸ ಸಿಕ್ಕರೆ ಅಲ್ಲಿಗೇ ನಿಂತಿತು. ಎರಡು ವರ್ಷವೂ ಪೂರ್ತಿ ಬಂದರೆ ಪದವೀಧರನಿಗೆ 72,000, ಡಿಪ್ಲೊಮಾದವನಿಗೆ 36,000. ದಿನದ ಲೆಕ್ಕ ಹಾಕಿ: ಒಬ್ಬನಿಗೆ 100 ರೂಪಾಯಿ, ಇನ್ನೊಬ್ಬನಿಗೆ 50. ಇದರಿಂದ ಹುಡುಗರು ಸೋಮಾರಿಗಳಾಗ್ತಾರೆ ಅನ್ನೋರು ಈ ದುಡ್ಡಲ್ಲಿ ಒಂದು ತಿಂಗಳು ಬೆಂಗಳೂರಿನಲ್ಲಿ ಬಾಳಿ ತೋರಿಸಲಿ.

ಯಾರಿಗೆ ಬರುತ್ತೆ? 2022-23ನೇ ಸಾಲಿನಲ್ಲಿ ಪಾಸಾದವರಿಂದ ಶುರುವಾಯಿತು, ಆಮೇಲೆ ಮುಂದಿನ ಸಾಲಿನವರನ್ನೂ ಸೇರಿಸಿಕೊಂಡರು. ಅದಕ್ಕೆ ಹಿಂದೆ ಪಾಸಾಗಿ ಇನ್ನೂ ಅಲೆಯುತ್ತಿರುವ ಅಣ್ಣ ಅಕ್ಕಂದಿರು ಈ ಲೆಕ್ಕದಲ್ಲಿಲ್ಲ. ಕರ್ನಾಟಕದಲ್ಲಿ ಕನಿಷ್ಠ 6 ವರ್ಷ ಓದಿರಬೇಕು. ಪಾಸಾದ ಮೇಲೆ 180 ದಿನ ಕೆಲಸವಿಲ್ಲದೆ ಇರಬೇಕು. ಸರ್ಕಾರಿ ನೌಕರಿ, ಖಾಸಗಿ ನೌಕರಿ, ಸ್ವಂತ ಉದ್ಯೋಗ ಯಾವುದೂ ಇರಬಾರದು. ಮುಂದಕ್ಕೆ ಓದಲು ಸೇರಿದವರಿಗೂ ಇಲ್ಲ, ಅಪ್ರೆಂಟಿಸ್ ಭತ್ಯೆ ತಗೊಳ್ಳುವವರಿಗೂ ಇಲ್ಲ.

ಅರ್ಜಿ ಸೇವಾ ಸಿಂಧು ಪೋರ್ಟಲ್ಲಿನಲ್ಲಿ. ಹಣ ನೇರ ಬ್ಯಾಂಕ್ ಖಾತೆಗೆ, ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಇನ್ನೊಂದು ಮಾತು ನೆನಪಿಡಿ: ನಿಮ್ಮ ಪದವಿಯ ದಾಖಲೆಯನ್ನು ಯೂನಿವರ್ಸಿಟಿಯವರು 'ನ್ಯಾಡ್' ಎಂಬ ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಏರಿಸಿರಬೇಕು. ಏರಿಸದಿದ್ದರೆ ಕೈಯಲ್ಲಿ ಮಾರ್ಕ್ಸ್‌ಕಾರ್ಡ್ ಇದ್ದರೂ ಕಂಪ್ಯೂಟರಿನ ಕಣ್ಣಿಗೆ ನೀವು ಪಾಸಾಗಿಲ್ಲ. ಅರ್ಜಿ ಹಾಕಿದ ಮೇಲೂ 'ನನಗಿನ್ನೂ ಕೆಲಸ ಸಿಕ್ಕಿಲ್ಲ, ಓದುತ್ತಲೂ ಇಲ್ಲ' ಅಂತ ಸ್ವಯಂ ಘೋಷಣೆ ಕೊಡುತ್ತಿರಬೇಕು. ಶುರುವಿನಲ್ಲಿ ಅದು ಪ್ರತಿ ತಿಂಗಳು 25ರೊಳಗೆ ಅಂತಿತ್ತು. ನಿಮ್ಮ ಗಡುವನ್ನು ಪೋರ್ಟಲ್ಲಿನಲ್ಲೇ ನೋಡಿಕೊಳ್ಳಿ. ಘೋಷಣೆ ತಪ್ಪಿದರೆ ದುಡ್ಡೂ ತಪ್ಪುತ್ತೆ. ಕೆಲಸ ಸಿಕ್ಕರೆ ಮುಚ್ಚಿಡಬೇಡಿ.

ಇಷ್ಟು ನಿಯಮ. ಈಗ ನಮ್ಮ ಪ್ರಶ್ನೆ.

ಆ 180 ದಿನ ಏನು ಉಣ್ಣೋದು? ಅಪ್ಪನಿಗೆ ಸಂಬಳವೋ ನೀರಾವರಿ ಗದ್ದೆಯೋ ಇದ್ದವನು ಮನೆಯಲ್ಲಿ ಉಂಡು, ಮಲಗಿ, ಎದ್ದು ಆರು ತಿಂಗಳು ಕಾಯಬಲ್ಲ. ಕಡೇ ಪರೀಕ್ಷೆ ಬರೆದ ವಾರದಲ್ಲೇ ಮೆಸ್ಸಿನ ತಟ್ಟೆ, ಮಲಗುವ ಚಾಪೆ ಎರಡೂ ಕಳೆದುಕೊಳ್ಳುವವನು ಎಲ್ಲಿ ಕಾಯಬೇಕು? ಅವನು ಸೆಕ್ಯೂರಿಟಿ ಗಾರ್ಡಿನ ಖಾಕಿ ಹಾಕಿಕೊಳ್ಳುತ್ತಾನೆ, ಅವಳು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ. ಓದಿದ ಓದಿಗೆ ಸಂಬಂಧವೇ ಇಲ್ಲದ ಆ ದುಡಿಮೆ ಕಾಗದದ ಮೇಲೆ 'ಖಾಸಗಿ ಉದ್ಯೋಗ'. ಅಲ್ಲಿಗೆ ಅವರು ನಿರುದ್ಯೋಗಿಗಳಲ್ಲ! ಅಂದರೆ ಕೆಲಸವಿಲ್ಲದೆ ಬದುಕುವ ಅನುಕೂಲ ಇದ್ದವನು ಮಾತ್ರ ಕೆಲಸವಿಲ್ಲ ಅಂತ ರುಜುವಾತು ಮಾಡಬಲ್ಲ. ಹಸಿದವನ ಕೈಯಲ್ಲಿ ಆ ರುಜುವಾತು ಆಗೋದಿಲ್ಲ.

ಇನ್ನು ಡಿಗ್ರಿಯ ಬಾಗಿಲಿಗೇ ಬರಲಾಗದವರು. ಎಸ್ಸೆಸ್ಸೆಲ್ಸಿಗೆ ಬಿಟ್ಟು ತಮ್ಮನನ್ನು ಓದಿಸಿದ ಅಕ್ಕ, ಪಿಯುಸಿ ಇಂಗ್ಲಿಷಿನಲ್ಲಿ ಬಿದ್ದ ಗೆಳೆಯ. ಇವರಿಗೂ ಕೆಲಸ ಇಲ್ಲ, ಆದರೆ ಇವರ ನಿರುದ್ಯೋಗಕ್ಕೆ ಸರ್ಟಿಫಿಕೇಟ್ ಇಲ್ಲ. ಬಾಬಾಸಾಹೇಬರು ಅಧ್ಯಕ್ಷರಾಗಿದ್ದ ಕರಡು ಸಮಿತಿ ರೂಪಿಸಿದ ಸಂವಿಧಾನದ 41ನೇ ವಿಧಿ ಕೆಲಸದ ಹಕ್ಕನ್ನೂ ನಿರುದ್ಯೋಗದಲ್ಲಿ ಸಾರ್ವಜನಿಕ ನೆರವಿನ ಹಕ್ಕನ್ನೂ ಹೇಳುತ್ತದೆ. ಅಲ್ಲಿ ಡಿಗ್ರಿ ಆದವನಿಗೆ ಅಂತ ಬರೆದಿಲ್ಲ. ನಿಜ, 'ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಅನ್ನುವ ಮಾತೂ ಅಲ್ಲೇ ಇದೆ. 37ನೇ ವಿಧಿಯ ಪ್ರಕಾರ ಇದನ್ನು ಕೋರ್ಟಿನಲ್ಲಿ ಕೇಳಿ ಪಡೆಯಲೂ ಆಗದು. ಕೋರ್ಟಿನಲ್ಲಿ ಆಗದ್ದನ್ನು ಬೀದಿಯಲ್ಲಿ, ಸಭೆಯಲ್ಲಿ, ಅರ್ಜಿಯಲ್ಲಿ ಕೇಳಬೇಕು.

ಹಾಗಂತ ಇರುವುದನ್ನು ಬಿಡಬೇಡಿ. 3,000 ಸಣ್ಣ ದುಡ್ಡಾದರೂ ಪರೀಕ್ಷೆಗೆ ಹೋಗೋ ಬಸ್‌ಚಾರ್ಜು, ಪುಸ್ತಕ, ಅವ್ವನ ಮಾತ್ರೆ ಅದರಲ್ಲೇ ಆಗಬೇಕು. ಪ್ರತಿ ಹಾಸ್ಟೆಲ್ಲಿನಲ್ಲೂ ಇಬ್ಬರು ಮೂವರು ಕೂತು, ಕಡೇ ವರ್ಷದವರ ಆಧಾರ್ ಜೋಡಣೆ, ನ್ಯಾಡ್ ದಾಖಲೆ ರಿಸಲ್ಟಿಗೆ ಮೊದಲೇ ಸರಿ ಮಾಡಿಸಿಕೊಡಿ. ಅದರ ಜೊತೆಗೇ ಒಂದು ಬೇಡಿಕೆ ಬರೆಯಿರಿ, ಎಲ್ಲರೂ ಸಹಿ ಹಾಕಿ: ಸರ್ಕಾರ ನಮ್ಮನ್ನು 180 ದಿನ ಕಾಯಿಸುವುದಾದರೆ, ಆ 180 ದಿನವೂ ನಮ್ಮ ತಟ್ಟೆ ಮೆಸ್ಸಿನಲ್ಲೇ ಇರಲಿ.