ಒಂದೂವರೆ ಪೆನ್ನಿಯ ಟಿಕೆಟು

ನಮ್ಮ ಊರಿನ ದುಡಿಮೆಗಾರರಿಗೆ ಸೈರನ್ ಎಂದರೆ ಪಾಳಿಯ ಕರೆ. 1940ರ ಲಂಡನ್ನಿನಲ್ಲಿ ಅದು ಬಾಂಬಿನ ಮುನ್ಸೂಚನೆ. ಆ ವರ್ಷ ಸೆಪ್ಟೆಂಬರ್ 7ರಂದು ಆರಂಭವಾದ ಜರ್ಮನ್ ವಿಮಾನದಾಳಿ ಎರಡು ತಿಂಗಳ ಕಾಲ ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ನಡೆಯಿತು. ಮೊದಲ ಪೆಟ್ಟು ತಿಂದದ್ದು ಹಡಗುಕಟ್ಟೆಗಳ ಸುತ್ತ ಕೂಲಿಕಾರರು ವಾಸಿಸುತ್ತಿದ್ದ ಪೂರ್ವಭಾಗ. ಆದರೂ ಬೆಳಗಾದರೆ ಜನ ಕೆಲಸಕ್ಕೆ ಹೊರಟರು. ಅವರನ್ನು ಹೊತ್ತೊಯ್ದ ಬಸ್ಸು, ಟ್ರಾಮು, ನೆಲದಡಿಯ ರೈಲುಗಳ ಕಥೆಯನ್ನು ದುಡಿಯುವ ವರ್ಗ ತಿಳಿದಿರಬೇಕು.

ಈ ಸಾರಿಗೆ ಯುದ್ಧಕಾಲದಲ್ಲಿ ಉಸಿರು ಹಿಡಿದು ನಿಂತದ್ದಕ್ಕೆ ಒಂದು ಕಾರಣವಿತ್ತು. ಒಂದರೊಡನೊಂದು ಪೈಪೋಟಿ ನಡೆಸುತ್ತಿದ್ದ ಬಸ್ ಕಂಪೆನಿಗಳು, ಟ್ರಾಮುಗಳು, ನೆಲದಡಿಯ ರೈಲುಗಳು 1933ರ ಜುಲೈ 1ರಂದೇ ಒಂದು ಸಾರ್ವಜನಿಕ ಮಂಡಲಿಯ ಕೈಗೆ ಬಂದಿದ್ದವು. ಆದ್ದರಿಂದ ಒಂದು ರಸ್ತೆ ಕುಸಿದರೆ ಇನ್ನೊಂದು ದಾರಿ, ರೈಲು ನಿಂತರೆ ಬಸ್ಸು. ಬಸ್ಸುಗಳು ಸಾಲದೆ ಹೋದಾಗ ಬೇರೆ ಊರುಗಳಿಂದ ನೂರಾರು ಬಸ್ಸುಗಳು ಎರವಲು ಬಂದು, ತಮ್ಮ ತಮ್ಮ ಊರಿನ ಬಣ್ಣದಲ್ಲೇ ಲಂಡನ್ನಿನ ಬೀದಿಗಳಲ್ಲಿ ಓಡಿದವು. ತೈಲ ಉಳಿಸಲು ಕೆಲವು ಬಸ್ಸುಗಳು ಗ್ಯಾಸು ತಯಾರಿಸುವ ಗಾಡಿಯನ್ನು ಬಾಲದಂತೆ ಕಟ್ಟಿಕೊಂಡು ತೆವಳಿದವು. (ನಮ್ಮ ಕಡೆಯೂ ಆಗ ಇದ್ದಿಲು ಗ್ಯಾಸಿನ ಬಸ್ಸುಗಳಿದ್ದವು, ದಿಣ್ಣೆ ಬಂದರೆ ಟಿಕೆಟು ಕೊಂಡವರೇ ಇಳಿದು ನೂಕಬೇಕಾಗಿತ್ತೆಂದು ಹಿರಿಯರು ಹೇಳುತ್ತಿದ್ದರು.) ಗಂಡಸರು ಸೈನ್ಯಕ್ಕೆ ಹೋದಂತೆ ಹೆಂಗಸರು ಕಂಡಕ್ಟರುಗಳಾದರು. ಕತ್ತಲಲ್ಲಿ, ಬಾಂಬಿನ ನಡುವೆ ಟಿಕೆಟು ಹರಿಯಲು ಹೆಣ್ಣು ಯೋಗ್ಯಳು. ಬಸ್ಸು ನಡೆಸಲು ಮಾತ್ರ ಅಲ್ಲ! ಲಂಡನ್ ಬಸ್ಸಿನ ಚಾಲಕಸ್ಥಾನದಲ್ಲಿ ಮೊದಲ ಮಹಿಳೆ ಕುಳಿತದ್ದು 1974ರಲ್ಲಿ.

ಸರ್ಕಾರ ಜನರನ್ನು ಎಷ್ಟು ನಂಬಿತ್ತು ಎಂಬುದು ನೆಲದಡಿಯ ನಿಲ್ದಾಣಗಳ ಬಾಗಿಲಲ್ಲಿ ಗೊತ್ತಾಯಿತು. ಆಳದ ಸುರಂಗಗಳಲ್ಲಿ ಆಶ್ರಯ ಕೊಡಿ ಎಂದು ಜನ ಕೇಳಿದರೆ ಸರ್ಕಾರ ಒಪ್ಪಲಿಲ್ಲ. ರೈಲುಗಳ ಓಡಾಟಕ್ಕೆ ಅಡ್ಡಿಯಾಗುತ್ತದೆ ಎಂಬುದು ಒಂದು ನೆಪ. ಒಮ್ಮೆ ಕೆಳಗಿಳಿದ ಕೂಲಿಕಾರ ಹೆದರಿ ಅಲ್ಲೇ ಉಳಿದುಬಿಟ್ಟಾನು, ಕೆಲಸಕ್ಕೆ ಬಾರನು ಎಂಬುದು ಒಳಗಿನ ಭಯ. ಹಣವಿದ್ದವರಿಗೆ ಹಳ್ಳಿಮನೆಗಳಿದ್ದವು, ದೊಡ್ಡ ಹೋಟೆಲುಗಳ ನೆಲಮಾಳಿಗೆಗಳಿದ್ದವು. ಬಡವರೇನು ಮಾಡಬೇಕು? ಒಂದೂವರೆ ಪೆನ್ನಿಯ ಟಿಕೆಟು ಕೊಂಡರು, ಮಕ್ಕಳನ್ನೂ ಕಂಬಳಿಗಳನ್ನೂ ಹೊತ್ತು ಇಳಿದರು, ಮತ್ತೆ ಮೇಲಕ್ಕೆ ಬರಲಿಲ್ಲ. ಟಿಕೆಟು ಕೊಂಡವನನ್ನು ಹೊರದೂಡುವ ಧೈರ್ಯ ಯಾರಿಗಿದೆ? ಸರ್ಕಾರವೇ ಮಣಿಯಿತು. ಸೆಪ್ಟೆಂಬರ್ 27ರ ರಾತ್ರಿ ಎಣಿಸಿದಾಗ 1,77,000 ಮಂದಿ ಅಲ್ಲಿ ಮಲಗಿದ್ದರು.

ರೈಲುಗಳೇನೂ ನಿಲ್ಲಲಿಲ್ಲ. ಪ್ಲಾಟ್‌ಫಾರಮ್ಮಿನ ಅಂಚಿನಿಂದ ಎಂಟು ಅಡಿಗೊಂದು, ನಾಲ್ಕು ಅಡಿಗೊಂದು ಬಿಳಿ ಗೆರೆ ಎಳೆದರು. ಸಂಜೆ ಏಳೂವರೆಯವರೆಗೆ ಮಲಗುವವರು ಎಂಟಡಿಯ ಗೆರೆಯಾಚೆ ಇರಬೇಕು. ಪ್ರಯಾಣಿಕರ ಸಂದಣಿ ಇಳಿದ ಮೇಲೆ ನಾಲ್ಕಡಿಯವರೆಗೆ ಬರಬಹುದು. ಎರಡು ಗೆರೆಗಳಿಂದ ತೀರಿದ ಸಮಸ್ಯೆ ಅದು. ಬೆಳಿಗ್ಗೆ ಜನ ಹಾಸಿಗೆ ಸುತ್ತಿ ಕೆಲಸಕ್ಕೂ ಹೋದರು. ಸರ್ಕಾರದ ಭಯ ಸುಳ್ಳಾಯಿತು.

ಸುರಂಗದಲ್ಲೂ ಪೂರ್ಣ ರಕ್ಷಣೆ ಇರಲಿಲ್ಲ ನಿಜ. ಅಕ್ಟೋಬರ್ 14ರಂದು ಬಾಲಮ್ ನಿಲ್ದಾಣದ ಮೇಲಿನ ರಸ್ತೆಗೆ ಬಾಂಬು ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅದು ಶತ್ರುವಿನ ಕೃತ್ಯ. ಆದರೆ ಬೆತ್ನಲ್ ಗ್ರೀನ್? ಪೂರ್ವಭಾಗದ ಆ ನಿಲ್ದಾಣಕ್ಕೆ ಇಳಿಯಲು ಇದ್ದದ್ದು ಒಂದೇ ಪ್ರವೇಶದ್ವಾರ, ಒಂದು ಮಂದ ದೀಪ. ಮೆಟ್ಟಿಲುಗಳ ನಡುವೆ ಹಿಡಿದುಕೊಳ್ಳಲು ಕಂಬಿಯಿಲ್ಲ. ದ್ವಾರವನ್ನು ಭದ್ರಪಡಿಸಲು ಸ್ಥಳೀಯ ಕೌನ್ಸಿಲು 1941ರಲ್ಲೇ ಅನುಮತಿ ಕೇಳಿತ್ತು. ಮೇಲಿನವರಿಗೆ ಅದು ದುಂದುವೆಚ್ಚವಾಗಿ ಕಂಡಿತು. 1943ರ ಮಾರ್ಚ್ 3ರ ರಾತ್ರಿ ಸೈರನ್ ಕೂಗಿದ ಮೇಲೆ, ಹತ್ತಿರದ ಉದ್ಯಾನದಿಂದ ನಮ್ಮದೇ ಪಕ್ಷದ ಹೊಸ ರಾಕೆಟ್ಟುಗಳು ಸಿಡಿದ ಅಪರಿಚಿತ ಸದ್ದಿಗೆ ಜನ ಬಾಂಬೆಂದು ನುಗ್ಗಿದರು. ಒಬ್ಬರು ಎಡವಿದರು, ಮೇಲೆ ಇನ್ನೊಬ್ಬರು. ಸತ್ತವರು 173 ಮಂದಿ, ಅವರಲ್ಲಿ 62 ಮಕ್ಕಳು. ಅಲ್ಲಿ ಒಂದು ಬಾಂಬೂ ಬಿದ್ದಿರಲಿಲ್ಲ. ವಿಚಾರಣೆಯ ವರದಿ 1945ರವರೆಗೆ ಜನರ ಕೈಗೆ ಸಿಗಲಿಲ್ಲ.

ಅದನ್ನು ತಡೆಹಿಡಿದಿದ್ದ ಗೃಹಮಂತ್ರಿ ಲೇಬರ್ ಪಕ್ಷದ ಹರ್ಬರ್ಟ್ ಮಾರಿಸನ್. ಸಾರಿಗೆಯನ್ನು ಸಾರ್ವಜನಿಕ ಮಂಡಲಿಗೆ ತರುವ ಮಸೂದೆಯನ್ನು ಮೊದಲು ರೂಪಿಸಿದವರೂ ಅವರೇ. ಆ ಮಂಡಲಿಯಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮೂಲಕವೇ ಸ್ಥಾನ ಇರಬೇಕೆಂದು ಸಾರಿಗೆ ಕಾರ್ಮಿಕರ ನಾಯಕ ಅರ್ನೆಸ್ಟ್ ಬೆವಿನ್ ಹಟ ಹಿಡಿದಾಗ, ಆಡಳಿತಕ್ಕೆ ಬೇಕಾದದ್ದು ಸಮರ್ಥರು, ಪ್ರತಿನಿಧಿಗಳಲ್ಲ ಎಂಬುದು ಮಾರಿಸನ್ನರ ನಿಲುವಾಗಿತ್ತು. ಹಳೆಯ ಷೇರುದಾರರಿಗೆ ಬಡ್ಡಿ ಕೊಡುವ ಸ್ಟಾಕು ದೊರೆಯಿತು. ಸಂಘಗಳಿಗೆ ಆ ಸ್ಥಾನ ದೊರೆಯಲಿಲ್ಲ. ಸಂಘದ ಒಬ್ಬ ಮುಖಂಡರನ್ನು ಸೇರಿಸಿಕೊಂಡರು, ಆದರೆ ಸಂಘದ ಪ್ರತಿನಿಧಿಯಾಗಿ ಅಲ್ಲ. ಈ ವಾದದಲ್ಲಿ ನಾವು ಬೆವಿನ್ನರ ಕಡೆ. ಸ್ವತ್ತು ಸಾರ್ವಜನಿಕವಾದರೆ ಅರ್ಧ ಕೆಲಸವಾಯಿತು. ಕಂಬಿ ಎಲ್ಲಿ ಬೇಕು, ದೀಪ ಎಲ್ಲಿ ಬೇಕು ಎಂಬುದು ದಿನಾ ಆ ಮೆಟ್ಟಿಲು ಇಳಿಯುವವನಿಗೂ ಅಲ್ಲಿ ಟಿಕೆಟು ಹರಿಯುವವನಿಗೂ ಗೊತ್ತು. ಅವರ ಮಾತು ಆಡಳಿತದ ಮೇಜಿನವರೆಗೆ ತಲುಪಬೇಕು.

ಬೆತ್ನಲ್ ಗ್ರೀನಿನಲ್ಲಿ ಸತ್ತವರ ಸ್ಮಾರಕ ಪೂರ್ಣಗೊಂಡದ್ದು 2017ರಲ್ಲಿ. ಮೆಟ್ಟಿಲಿಗೆ ಕಂಬಿ ಮಾತ್ರ ದುರಂತವಾದ ಕೂಡಲೇ ಬಂತು.