ಅಂಗಳಕ್ಕೊಂದು ಮಣ್ಣಿನ ಒಲೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಮಿತ್ರರೊಬ್ಬರು ಮನೆಯ ಹಿಂದಣ ಕಲ್ಲುಹಾಸಿನ ಅಂಗಳಕ್ಕೆಂದು ಒಂದು ‘ಚಿಮೆನೇಯ’ವನ್ನು ಕೊಂಡರು. ಗುಡಾಣದಂತೆ ಉಬ್ಬಿದ ಹೊಟ್ಟೆ, ಮುಂದುಗಡೆ ಒಂದು ಬಾಯಿ, ಮೇಲೆ ಕಿರಿದಾದ ಹೊಗೆಗೊಳವೆ. ಮೆಕ್ಸಿಕೊ ದೇಶದ ಕುಂಬಾರರಿಂದ ಬಂದ ಸುಟ್ಟ ಮಣ್ಣಿನ ಒಲೆಯಿದು. ಅಂಗಳವನ್ನೆಲ್ಲ ಬೆಚ್ಚಗಿಡುತ್ತದೆಂದು ಮಾರಿದವನು ಭರವಸೆ ಕೊಟ್ಟಿದ್ದನಂತೆ. ಎರಡು ಸಂಜೆ ಸೌದೆ ಉರಿಸಿದರೂ ಅಂಗಳ ಬೆಚ್ಚಗಾಗಲಿಲ್ಲ. ಮೂರನೆಯ ಸಂಜೆ ಒಲೆಯ ಹೊಟ್ಟೆಯ ಮೇಲೆ ಕೂದಲೆಳೆಯಂಥ ಬಿರುಕು ಕಾಣಿಸಿತು. ಇದಕ್ಕೆ ನಿಮ್ಮ ಭೌತವಿಜ್ಞಾನ ಏನೆನ್ನುತ್ತದೆಂದು ಅವರು ಬರೆದು ಕೇಳಿದ್ದರು.

ಮಾರಿದವನ ಮಾತೇ ಸಲ್ಲದೆಂಬುದು ನಮ್ಮ ಅಭಿಪ್ರಾಯ. ಲೆಕ್ಕ ಸುಲಭವಾದುದು. ಗಾಳಿಗೆ ಒಣಗಿದ 1 ಕಿಲೋಗ್ರಾಂ ಸೌದೆ ಒಂದು ಗಂಟೆ ಉರಿದರೆ ಸುಮಾರು 4 ಕಿಲೋವ್ಯಾಟ್ ಶಾಖ ಹೊರಡುತ್ತದೆ. 4 ಮೀಟರ್ ಅಗಲದ ಅಂಗಳದಲ್ಲಿ 2 ಮೀಟರ್ ಎತ್ತರದವರೆಗಿನ ಗಾಳಿ ಸೆಕೆಂಡಿಗೆ 1 ಮೀಟರಿನಂತೆ ಹಾಯುತ್ತದೆಂದುಕೊಳ್ಳೋಣ. ಇದು ಎಲೆ ಅಲುಗುವಷ್ಟೂ ಅಲ್ಲದ ತೆಳುಗಾಳಿ. ಆದರೂ ಅದನ್ನು 1 ಡಿಗ್ರಿಯಷ್ಟು ಬೆಚ್ಚಗೆ ಮಾಡುವುದಕ್ಕೆ 9 ಕಿಲೋವ್ಯಾಟಿಗಿಂತಲೂ ಹೆಚ್ಚು ಶಾಖ ಬೇಕು. ಒಲೆಯ ಶಾಖವೆಲ್ಲವೂ ಗಾಳಿಗೇ ಸೇರಿದರೂ ಅರ್ಧ ಡಿಗ್ರಿ ಏರದು. ವಾಸ್ತವವಾಗಿ ಬಹುಪಾಲು ಶಾಖ ಹೊಗೆಗೊಳವೆಯ ದಾರಿ ಹಿಡಿಯುತ್ತದೆ.

ಹಾಗಾದರೆ ಒಲೆಯ ಮುಂದೆ ಕುಳಿತವನಿಗೆ ಹಿತವೆನಿಸುವುದೇಕೆ? ಅದು ವಿಕಿರಣದ ಉಪಕಾರ. ಕೆಂಡದ ಕಿರಣಗಳು ನಡುವಣ ಗಾಳಿಯನ್ನು ಹೆಚ್ಚು ಕಾಯಿಸದೆ ನೇರವಾಗಿ ಮೈಗೆ ತಾಗುತ್ತವೆ. ಒಲೆಯ ಹೊರಮೈ 200 ಡಿಗ್ರಿಗೇರಿದರೂ, 800 ಡಿಗ್ರಿಯ ಕೆಂಡವು ಅಷ್ಟೇ ವಿಸ್ತಾರದಿಂದ ಸೂಸುವ ಶಾಖ ಅದರ ಸುಮಾರು 25 ಪಟ್ಟು. ಆದುದರಿಂದ ಕುರ್ಚಿ ಇರಬೇಕಾದುದು ಬಾಯಿಯ ಎದುರಿಗೆ. 1 ಮೀಟರಿನಿಂದ 2 ಮೀಟರಿಗೆ ಸರಿದರೆ ಉಳಿಯುವುದು ಹೆಚ್ಚುಕಡಮೆ ಕಾಲುಭಾಗ. ಮೂರು ನಾಲ್ಕು ಜನರ ಒಲೆಯೆಂದು ಕೊಳ್ಳುವುದಾದರೆ ಧಾರಾಳವಾಗಿ ಕೊಳ್ಳಲಿ, ಔತಣಕೂಟಕ್ಕೆಂದು ಬೇಡ.

ಬಿರುಕಿನ ವಿಷಯ. ಮಣ್ಣು ಶಾಖವನ್ನು ನಿಧಾನವಾಗಿ ಸಾಗಿಸುವ ವಸ್ತು. ಒಳಮೈ ಕಾದು ಹಿಗ್ಗುತ್ತಿರುವಾಗ ಹೊರಮೈ ಇನ್ನೂ ತಣ್ಣಗಿರುತ್ತದೆ, ಎಳೆತಕ್ಕೆ ಸಿಕ್ಕುತ್ತದೆ. ಸುಟ್ಟ ಮಣ್ಣು ಒತ್ತಡವನ್ನು ತಾಳುವಂತೆ ಎಳೆತವನ್ನು ತಾಳದು. ಮಳೆನೀರು ಕುಡಿದ ಒಲೆಯಾದರೆ ಒಳಗಿನ ಆವಿಯೂ ಸೇರಿಕೊಳ್ಳುತ್ತದೆ. ಕೊಡ ಕೊಳ್ಳುವ ನಮ್ಮ ಹೆಂಗಸರಂತೆ ಬೆರಳಿನಿಂದ ತಟ್ಟಿ, ದನಿ ಕೇಳಿ ಕೊಳ್ಳಬೇಕು. ತಳಕ್ಕೆ ಮರಳು ತುಂಬಿ, ಮೊದಲ ಕೆಲವು ಸಲ ಪುಳ್ಳೆಗಳ ಸಣ್ಣ ಉರಿಯನ್ನಷ್ಟೇ ಹಾಕಬೇಕು. ನೀರೆರಚಿ ಆರಿಸಲೇಕೂಡದು. ನಮ್ಮ ಮಿತ್ರರು ಮೊದಲ ದಿನವೇ ದಪ್ಪ ಕೊರಡುಗಳನ್ನು, ಅದೂ ಹಸಿಯವನ್ನು, ತುರುಕಿದ್ದರು! ಹಸಿ ಸೌದೆಯ ಶಾಖ ಅದರದೇ ನೀರನ್ನು ಕುದಿಸುವುದರಲ್ಲಿ ಕಳೆಯುತ್ತದೆ. ಹೊಗೆಯನ್ನು ನೆರೆಯವರು ಸೇವಿಸಬೇಕು.

ಪತ್ರದ ಕೊನೆಯಲ್ಲಿ, ಮಳೆ ಬಂದ ರಾತ್ರಿ ಒಲೆಯ ಕೆಂಡವನ್ನು ತಟ್ಟೆಗೆ ತೆಗೆದು ಗಾಜಿನ ಕೋಣೆಯೊಳಗಿಟ್ಟುಕೊಂಡರೆ ಹೇಗೆಂದು ಒಂದು ಸಾಲು ಇತ್ತು. ಜ್ವಾಲೆಯಿಲ್ಲದ, ಹೊಗೆಯಿಲ್ಲದ ಕೆಂಡವನ್ನು ಜನ ನಿರಪಾಯವೆಂದು ತಿಳಿಯುತ್ತಾರೆ. ಆದರೆ ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಹಿಡಿಯುತ್ತದೆ. ತಲೆನೋವು, ತೂಕಡಿಕೆ ಬಂದುದನ್ನು ಆಯಾಸವೆಂದುಕೊಂಡು ಮಲಗಿದವರು ಏಳದೆ ಹೋದ ಪ್ರಸಂಗಗಳು ನಮ್ಮ ದೇಶದಲ್ಲಿಯೂ ಚಳಿಗಾಲದಲ್ಲಿ ಮರುಕಳಿಸುತ್ತಲೇ ಇವೆ. ನಾವು ಪತ್ರಕ್ಕೆ ಪತ್ರ ಬರೆಯುತ್ತ ಕೂರಲಿಲ್ಲ. ಆಗಲೇ ದೂರವಾಣಿಯಲ್ಲಿ ಅವರನ್ನು ಕರೆದು, ಕೂಡದೆಂದೆವು. ಒಲೆ, ಕೆಂಡ ಎರಡೂ ಈಗ ಅಂಗಳದಲ್ಲಿಯೇ ಉಳಿದಿವೆ. ಮಳೆಯ ರಾತ್ರಿ ಮಿತ್ರರು ಕಂಬಳಿ ಹೊದೆಯುತ್ತಾರಂತೆ.